ಪಾವ್ಲೋವ್ ಮತ್ತು ಹೆದರಿದ ನಾಯಿ

ನಾಯಿಯ ಬಾಲವನ್ನು ನಳಿಗೆಯಲ್ಲಿ ಹಾಕಿಟ್ಟರೂ ಅದರ ಡೊಂಕು ಹೋಗದೆಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗರು ವಿರಳ. ಹುಟ್ಟುಗುಣ ಸುಟ್ಟರೂ ಹೋಗದೆಂಬ ಮತ್ತೊಂದು ಗಾದೆಯೂ ಅದರ ಒಡನೆಯೇ ನಡೆದುಬಂದಿದೆ. ಕಚ್ಚುವ ನಾಯಿ ಕಚ್ಚುವುದಕ್ಕಾಗಿಯೇ ಹುಟ್ಟಿತು, ಬೊಗಳಿ ಮೇಲೆ ಬೀಳುವ ನಾಯಿ ಸ್ವಭಾವದಿಂದಲೇ ದುಷ್ಟ ಎಂದು ನಾವು ಸುಲಭವಾಗಿ ನಂಬಿಬಿಡುತ್ತೇವೆ. ಹಾಗೆ ನಂಬಿದ ಮೇಲೆ ಬೀದಿಯಲ್ಲಿ ನಾಯಿ ಕಂಡೊಡನೆ ಕೈ ತಾನಾಗಿ ಕಲ್ಲನ್ನು ಹುಡುಕುತ್ತದೆ. ಕಲ್ಲಿಗೇನೂ ಬರವಿಲ್ಲದ ನಮ್ಮ ದುರ್ಗದಲ್ಲಿ ಈ ಹುಡುಕಾಟಕ್ಕೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ.

ಈ ನಂಬಿಕೆ ಎಷ್ಟರಮಟ್ಟಿಗೆ ಸತ್ಯವೆಂಬುದನ್ನು ತನ್ನ ಬಾಳಿನ ಕೊನೆಯ ಮೂವತ್ತು ವರ್ಷಗಳಿಗಿಂತಲೂ ಹೆಚ್ಚು ಕಾಲ ಪರೀಕ್ಷಿಸಿ ನೋಡಿದ ಒಬ್ಬ ವಿಜ್ಞಾನಿಯ ಚರಿತ್ರೆಯನ್ನು ಸಹಪಾಠಿಗಳ ಮುಂದೆ ಇಡಬೇಕೆಂಬುದು ನನ್ನ ಆಸೆ. ಆತನೇ ರಷ್ಯಾದ ಇವಾನ್ ಪೆಟ್ರೋವಿಚ್ ಪಾವ್ಲೋವ್. ಮನಶ್ಶಾಸ್ತ್ರವನ್ನು ಐಚ್ಛಿಕವಾಗಿ ತೆಗೆದುಕೊಂಡ ನಮ್ಮಂಥವರಿಗೆ ಈ ಹೆಸರು ಹೊಸದಲ್ಲ. ಗಂಟೆಯ ಸದ್ದಾದರೆ ನಾಯಿಯ ಬಾಯಲ್ಲಿ ಜೊಲ್ಲು ಬರುತ್ತದೆ ಎಂದು ಬರೆದು ಅಂಕ ಗಳಿಸಿ, ಅಲ್ಲಿಗೆ ಪಾವ್ಲೋವರನ್ನು ಮರೆಯುವುದು ನಮ್ಮ ವಾಡಿಕೆ. ಆದರೆ ಜೊಲ್ಲಿನ ಕಥೆ ಅವರ ಬಾಳಿನ ಅರ್ಧ ಮಾತ್ರ. ಉಳಿದರ್ಧವು ಹೆದರಿದ ನಾಯಿಗಳ ಕಥೆ. ಹೆದರಿಕೆ ಹೇಗೆ ಹುಟ್ಟುತ್ತದೆ, ಹೇಗೆ ಇಳಿಯುತ್ತದೆ, ಇಳಿದದ್ದು ಹೇಗೆ ಮರಳಿ ಬರುತ್ತದೆ ಎಂಬುದರ ಕಥೆ. ನನಗೆ ಬೇಕಾದದ್ದು ಆ ಅರ್ಧ.

ಪಾವ್ಲೋವರು ಹುಟ್ಟಿದ್ದು 1849ನೆಯ ಇಸವಿ ಸೆಪ್ಟೆಂಬರ್ 26ರಂದು, ಮಾಸ್ಕೋ ನಗರದ ಆಗ್ನೇಯಕ್ಕಿರುವ ರ್‍ಯಾಜಾನ್ ಎಂಬ ಊರಿನಲ್ಲಿ. ತಂದೆ ಪ್ಯೋತರ್ ಅಲ್ಲಿನ ಇಗರ್ಜಿಯ ಪಾದ್ರಿ, ಮನೆ ತುಂಬ ಮಕ್ಕಳು, ಇವಾನನೇ ಹಿರಿಯವನು. ಬಾಲ್ಯದಲ್ಲಿ ಎತ್ತರದಿಂದ ಬಿದ್ದು ಬಲವಾದ ಪೆಟ್ಟು ತಿಂದ ಕಾರಣ ಹುಡುಗನು ಹನ್ನೊಂದು ವರ್ಷದವರೆಗೂ ಶಾಲೆಯ ಮುಖ ನೋಡಲಿಲ್ಲ. ಅನಂತರ ಅವನನ್ನು ಪೌರೋಹಿತ್ಯಕ್ಕೆ ಅಣಿಮಾಡುವ ಪಾಠಶಾಲೆಗೆ ಸೇರಿಸಿದರು. ಕುಲವೃತ್ತಿಯೇ ಅವನಿಗೂ ಎಂದು ಎಲ್ಲರೂ ಎಣಿಸಿದ್ದರು. ಆದರೆ ಆ ದಿನಗಳಲ್ಲಿ ರಷ್ಯಾದ ತರುಣರ ನಡುವೆ ವಿಜ್ಞಾನದ ಗಾಳಿ ಬೀಸುತ್ತಿತ್ತು. ಮೆದುಳಿನ ವ್ಯಾಪಾರಗಳೆಲ್ಲವೂ ಪ್ರತಿವರ್ತನೆಗಳೇ ಎಂದು ಸೆಚೆನೋವ್ ಎಂಬ ಶರೀರಕ್ರಿಯಾಶಾಸ್ತ್ರಜ್ಞರು 1863ರಲ್ಲಿ ಪ್ರತಿಪಾದಿಸಿದ್ದರು. ಅದನ್ನೋದಿದ ತರುಣ ಪಾವ್ಲೋವ್ 1870ರಲ್ಲಿ ಪಾಠಶಾಲೆಯನ್ನು ತೊರೆದು, ರಾಜಧಾನಿಯಾದ ಸೇಂಟ್ ಪೀಟರ್ಸ್‌ಬರ್ಗಿನ ವಿಶ್ವವಿದ್ಯಾನಿಲಯವನ್ನು ಸೇರಿದನು.

ಮುಂದಿನ ಇಪ್ಪತ್ತು ವರ್ಷ ಬಡತನದೊಡನೆ ಹೋರಾಟ. 1881ರಲ್ಲಿ ಸೆರಾಫಿಮಾ ಎಂಬ ಸುಶಿಕ್ಷಿತ ತರುಣಿಯೊಡನೆ ವಿವಾಹ, 1883ರಲ್ಲಿ ಹೃದಯದ ನರಗಳ ಮೇಲಿನ ಪ್ರಬಂಧಕ್ಕೆ ವೈದ್ಯಪದವಿ, ಅನಂತರ ಎರಡು ವರ್ಷ ಜರ್ಮನಿಯಲ್ಲಿ ಲುಡ್ವಿಗ್ ಮತ್ತು ಹೈಡನ್‌ಹೈನ್ ಎಂಬ ಗುರುಗಳ ಬಳಿ ಅಭ್ಯಾಸ. ಮೊದಲ ಮಗು ಎಳವೆಯಲ್ಲಿಯೇ ತೀರಿಕೊಂಡಿತು. ನಲವತ್ತು ದಾಟಿದ ಮೇಲೆ ಅದೃಷ್ಟ ಒಲಿಯಿತು. 1890ರಲ್ಲಿ ಸೇನಾ ವೈದ್ಯಕೀಯ ಅಕಾಡೆಮಿಯಲ್ಲಿ ಪ್ರಾಧ್ಯಾಪಕ ಪದವಿಯೂ, ಮರುವರ್ಷ ಹೊಸದಾಗಿ ಸ್ಥಾಪಿತವಾಗಿದ್ದ ಪ್ರಾಯೋಗಿಕ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಶರೀರಕ್ರಿಯಾ ವಿಭಾಗದ ಆಡಳಿತವೂ ಅವರಿಗೆ ದೊರೆತವು. ಆ ಸಂಸ್ಥೆಯಲ್ಲಿಯೇ ಅವರು ನಲವತ್ತೈದು ವರ್ಷ ದುಡಿದರು.

ಆ ಕಾಲದ ಶರೀರಕ್ರಿಯಾ ಪ್ರಯೋಗವೆಂದರೆ ಪ್ರಾಣಿಯನ್ನು ಕೊಯ್ದು, ಅದು ಸಾಯುವುದರೊಳಗೆ ಕಂಡಷ್ಟನ್ನು ಬರೆದುಕೊಳ್ಳುವುದು. ನೋವಿನಿಂದ ಒದ್ದಾಡುವ ಪ್ರಾಣಿಯಲ್ಲಿ ಆರೋಗ್ಯದ ನಿಯಮಗಳು ಕಾಣವೆಂಬುದು ಪಾವ್ಲೋವರ ವಾದ. ಆದುದರಿಂದ ಮನುಷ್ಯರ ಆಸ್ಪತ್ರೆಯಲ್ಲಿರುವಂತೆಯೇ ಶುಚಿಯಾದ ಶಸ್ತ್ರಚಿಕಿತ್ಸಾ ಕೋಣೆಯನ್ನು ನಾಯಿಗಳಿಗಾಗಿ ಏರ್ಪಡಿಸಿದರು. ಮಂಪರು ಕೊಟ್ಟು ಜಠರಕ್ಕೋ ಜೊಲ್ಲಿನ ಗ್ರಂಥಿಗೋ ಒಂದು ಸಣ್ಣ ದ್ವಾರವನ್ನು ಮಾಡಿ, ಗಾಯ ಮಾಗುವವರೆಗೆ ಆರೈಕೆ ಮಾಡಿ, ಚೇತರಿಸಿಕೊಂಡ ಮೇಲೆಯೇ ಪ್ರಯೋಗ ತೊಡಗುತ್ತಿದ್ದರು. ಇಂತಹ ನಾಯಿಗಳು ವರ್ಷಗಟ್ಟಲೆ ಬದುಕುತ್ತಿದ್ದವು, ಒಂದೊಂದಕ್ಕೂ ಹೆಸರಿತ್ತು. ಜಠರದ ಪ್ರಯೋಗಗಳಲ್ಲಿ ಪ್ರಸಿದ್ಧವಾದ ನಾಯಿಯೊಂದರ ಹೆಸರು ದ್ರುಜೋಕ್. ನಮ್ಮ ಮಾತಿನಲ್ಲಿ ಹೇಳುವುದಾದರೆ ಪುಟ್ಟ ಗೆಳೆಯ. ನಾಯಿಗಳಿಂದ ಸಂಗ್ರಹಿಸಿದ ಜಠರರಸವನ್ನು ಅಜೀರ್ಣದ ರೋಗಿಗಳಿಗೆ ಔಷಧವಾಗಿ ಮಾರಿ ಪ್ರಯೋಗಶಾಲೆಯ ಖರ್ಚಿಗೂ ಹಣ ಒದಗಿಸುತ್ತಿದ್ದರು. ಜೀರ್ಣಕ್ರಿಯೆಯನ್ನು ಕುರಿತ ಈ ಸಂಶೋಧನೆಗಾಗಿ 1904ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು. ಆ ಬಹುಮಾನವನ್ನು ಪಡೆದ ರಷ್ಯನ್ನರಲ್ಲಿ ಅವರೇ ಮೊದಲಿಗರು.

ಆ ವೇಳೆಗೆ ಅವರ ಮನಸ್ಸು ಬೇರೊಂದು ಕಡೆಗೆ ಹರಿದಿತ್ತು. ಆಹಾರ ಬಾಯಿಗೆ ಬೀಳುವ ಮೊದಲೇ, ಆಹಾರ ತರುವ ಆಳಿನ ಹೆಜ್ಜೆಯ ಸಪ್ಪಳಕ್ಕೇ ನಾಯಿಯ ಜೊಲ್ಲು ಸುರಿಯುವುದು ಪ್ರಯೋಗಗಳಿಗೆ ಅಡ್ಡಿಯಾಗುತ್ತಿತ್ತು. ಬೇರೆಯವರಾಗಿದ್ದರೆ ಆಳಿಗೆ ಮೆಲ್ಲಗೆ ನಡೆಯಲು ಹೇಳಿ ಸುಮ್ಮನಾಗುತ್ತಿದ್ದರು. ಪಾವ್ಲೋವರು ಆ ಅಡ್ಡಿಯನ್ನೇ ವಿಷಯವಾಗಿ ಹಿಡಿದರು. ಹುಟ್ಟಿನಿಂದಲೇ ಬಂದ ಪ್ರತಿವರ್ತನೆಗೆ ಯಾವ ಷರತ್ತೂ ಇಲ್ಲ. ಬಾಯಿಗೆ ಅನ್ನ ಬಿದ್ದರೆ ಜೊಲ್ಲು ಬಂದೇ ಬರುತ್ತದೆ. ಆದರೆ ಮೆಟ್ರೋನೋಮ್ ಎಂಬ ತಾಳಯಂತ್ರದ ಟಿಕ್‌ಟಿಕ್ ಸದ್ದಾಗಲಿ, ದೀಪದ ಬೆಳಕಾಗಲಿ, ಚರ್ಮದ ಮೇಲಿನ ಸ್ಪರ್ಶವಾಗಲಿ ಆಹಾರಕ್ಕೆ ಮುಂಚೆ ಹಲವು ಸಲ ಬಂದರೆ, ಆ ಷರತ್ತಿನ ಮೇಲೆ ಅದೂ ಜೊಲ್ಲನ್ನು ತರಿಸುತ್ತದೆ. ಇದಕ್ಕೇ ಅನುಬಂಧಿತ ಪ್ರತಿವರ್ತನೆ ಎಂದು ಹೆಸರು. ಸದ್ದಾದ ಮೇಲೆ ಆಹಾರ ಬಾರದೆ ಹೋದರೆ ಅದು ಮೆಲ್ಲಮೆಲ್ಲನೆ ನಂದುತ್ತದೆ. ಆದರೆ ಅಳಿಸಿಹೋಗುವುದಿಲ್ಲ, ಕೆಲಕಾಲ ಬಿಟ್ಟು ನೋಡಿದರೆ ಮತ್ತೆ ತಲೆಯೆತ್ತುತ್ತದೆ. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ಹೆದರಿಕೆಯ ವಿಷಯದಲ್ಲಿ ಅದೇ ಮುಖ್ಯವಾಗುತ್ತದೆ.

ಹೊರಗಿನ ಗಾಡಿಯ ಸದ್ದೂ ನಾಯಿಯ ಗಮನವನ್ನು ಕೆಡಿಸುತ್ತಿದ್ದುದರಿಂದ, ಮಾಸ್ಕೋದ ಒಬ್ಬ ಉದಾರಿ ವರ್ತಕರ ನಿಧಿಯ ನೆರವಿನಿಂದ 1910ರ ದಶಕದಲ್ಲಿ ಒಂದು ವಿಶೇಷ ಕಟ್ಟಡವನ್ನು ಕಟ್ಟಿಸಿದರು. ಜನ ಅದನ್ನು ಮೌನಗೋಪುರವೆಂದು ಕರೆದರು. ದಪ್ಪ ಗೋಡೆ, ಸುತ್ತಲೂ ಕಂದಕ; ಪ್ರತಿ ಕೋಣೆಯಲ್ಲಿಯೂ ನಾಯಿಗೊಂದು ಭಾಗ, ಪ್ರಯೋಗ ಮಾಡುವವರಿಗೊಂದು ಭಾಗ. ನಮ್ಮ ಏಳು ಸುತ್ತಿನ ಕೋಟೆಯ ಗೋಡೆ ಕಂದಕಗಳು ಶತ್ರುವನ್ನು ತಡೆಯಲು ಎದ್ದುವು. ಆ ಗೋಪುರದವು ಸದ್ದನ್ನು ತಡೆಯಲು. ಆದರೆ ಹೆದರಿಕೆಯನ್ನು ತಡೆಯುವುದು ಆ ಗೋಡೆಗಳಿಂದಲೂ ಆಗಲಿಲ್ಲ. ಅದು ಒಳಗೇ ಹುಟ್ಟಿತು.

ಅದು ಹುಟ್ಟಿದ ಬಗೆ ಹೀಗೆ. 1914ರಲ್ಲಿ ಶೆಂಗರ್-ಕ್ರೆಸ್ತೊವ್ನಿಕೋವಾ ಎಂಬ ಸಹಾಯಕಿ ಒಂದು ನಾಯಿಗೆ ಆಕಾರಗಳ ಪಾಠ ಹೇಳುತ್ತಿದ್ದರು. ಪರದೆಯ ಮೇಲೆ ವೃತ್ತ ಕಂಡರೆ ಆಹಾರ ಉಂಟು. ಉದ್ದನೆಯ ಅಂಡಾಕೃತಿ ಕಂಡರೆ ಇಲ್ಲ. ನಾಯಿ ಇದನ್ನು ಬೇಗ ಕಲಿಯಿತು. ಅನಂತರ ಅಂಡಾಕೃತಿಯನ್ನು ಹಂತಹಂತವಾಗಿ ವೃತ್ತಕ್ಕೆ ಹತ್ತಿರ ತಂದರು. ಅದರ ಉದ್ದ ಅಗಲಗಳು 9ಕ್ಕೆ 8ರ ಪ್ರಮಾಣಕ್ಕೆ ಬಂದಾಗ ಎರಡನ್ನೂ ಬೇರೆ ಮಾಡಿ ಗುರುತಿಸುವುದು ನಾಯಿಯ ಶಕ್ತಿಗೆ ಮೀರಿತು. ಮೂರು ವಾರ ಇದೇ ಅಭ್ಯಾಸವನ್ನು ಮುಂದುವರಿಸಿದರು. ಸುಧಾರಣೆಯ ಬದಲು ಹಿಂದೆ ಕಲಿತದ್ದೂ ಮರೆತುಹೋಯಿತು. ಅದುವರೆಗೆ ಸಾಧುವಾಗಿ ನಿಲ್ಲುತ್ತಿದ್ದ ನಾಯಿ ಕಿರುಚಿತು, ಒದ್ದಾಡಿತು, ಮೈಗೆ ಕಟ್ಟಿದ್ದ ಸಲಕರಣೆಯನ್ನು ಹಲ್ಲಿನಿಂದ ಕಿತ್ತಿತು, ರಬ್ಬರಿನ ಕೊಳವೆಗಳನ್ನು ಕಡಿಯಿತು. ಕೋಣೆಯ ಕಡೆಗೆ ಕರೆದೊಯ್ದರೆ ಸಾಕು, ಆರ್ಭಟಿಸಿ ಬೊಗಳಲಾರಂಭಿಸಿತು.

ಆ ನಾಯಿಯನ್ನು ಯಾರೂ ಹೊಡೆದಿರಲಿಲ್ಲ, ಉಪವಾಸ ಕೆಡವಿರಲಿಲ್ಲ. ಏನಾಗುವುದೋ ತಿಳಿಯದ ಸ್ಥಿತಿಯಲ್ಲಿ, ತಪ್ಪಿಸಿಕೊಳ್ಳುವ ದಾರಿಯೂ ಇಲ್ಲದೆ ನಿಲ್ಲಿಸಿದ್ದೇ ಅದಕ್ಕೆ ಸಾಕಾಯಿತು. ನೋಡಿದವರು ಅದನ್ನು ಹುಚ್ಚುನಾಯಿ ಎಂದು ತಳ್ಳಿಬಿಡಬಹುದಿತ್ತು. ಪಾವ್ಲೋವರ ತಂಡದವರು ಮಾಡಿದ್ದು ಬೇರೆ. ಪಾಠವನ್ನು ಮೊದಲಿನಿಂದ, ಅತ್ಯಂತ ಸುಲಭವಾದ ಆಕಾರದಿಂದ, ಮತ್ತೆ ತೊಡಗಿದರು. ಮೊದಲ ಸಲಕ್ಕಿಂತ ಎರಡರಷ್ಟು ಕಾಲ ಹಿಡಿಯಿತು. ಆದರೆ ನಾಯಿ ಕ್ರಮವಾಗಿ ಶಾಂತವಾಯಿತು. ಮತ್ತೆ 9ಕ್ಕೆ 8ರ ಆಕಾರವನ್ನು ತೋರಿಸಿದಾಗ ಹಳೆಯ ಕೋಲಾಹಲವೂ ಮರಳಿತು. ಇದಕ್ಕೆ ಸ್ವಲ್ಪ ಮುಂಚೆ ಯೆರೊಫೆಯೆವಾ ಎಂಬ ಮತ್ತೊಬ್ಬ ಸಹಾಯಕಿ ವಿದ್ಯುತ್ತಿನ ಆಘಾತವನ್ನೇ ಆಹಾರದ ಸೂಚನೆಯನ್ನಾಗಿ ಮಾಡಿದ್ದರು. ಒಂದೇ ಜಾಗದಲ್ಲಿ ಆಘಾತ ತಗಲುತ್ತಿದ್ದಾಗ ನಾಯಿ ಅದನ್ನು ಸಹಿಸಿಕೊಂಡು ಬಾಲವಾಡಿಸುತ್ತಿತ್ತು; ಹೊಸ ಹೊಸ ಜಾಗಗಳಿಗೆ ಬದಲಿಸುತ್ತ ಹೋದಾಗ ಅದರ ಸಹನೆಯೂ ಒಮ್ಮೆಲೇ ಮುರಿಯಿತು. ಇಂತಹ ಸ್ಥಿತಿಗೆ ಪಾವ್ಲೋವರು ಪ್ರಾಯೋಗಿಕ ನರರೋಗವೆಂದು ಹೆಸರಿಟ್ಟರು.

ಇದೇ ಕಾಲದ ಇನ್ನೊಂದು ನಾಯಿಯ ವೃತ್ತಾಂತ ನನಗೆ ಬಹಳ ಪ್ರಿಯವಾದುದು. ಕಟ್ಟಿಹಾಕುವ ಪಟ್ಟಿಯನ್ನು ಅದು ಸಹಿಸುತ್ತಲೇ ಇರಲಿಲ್ಲ. ಮೇಜಿನ ಮೇಲೆ ನಿಲ್ಲಿಸಿದೊಡನೆ ಏದುಸಿರು, ಎಡೆಬಿಡದ ಜೊಲ್ಲು. ಇದು ಬಂಧನವನ್ನೊಲ್ಲದ ಸ್ವಾತಂತ್ರ್ಯದ ಪ್ರತಿವರ್ತನೆ ಎಂದು ಪಾವ್ಲೋವರು ತೀರ್ಮಾನಿಸಿದರು. ಪರಿಹಾರವಾಗಿ, ಅದರ ಊಟವೆಲ್ಲ ಇನ್ನು ಮೇಲೆ ಆ ಮೇಜಿನ ಮೇಲೆಯೇ ಎಂದು ಏರ್ಪಾಡು ಮಾಡಿದರು. ಮೊದಮೊದಲು ನಾಯಿ ಸರಿಯಾಗಿ ತಿನ್ನದೆ ಸೊರಗಿತು. ತಿಂಗಳುಗಳು ಕಳೆದಂತೆ ಮೇಜು ಊಟದ ಜಾಗವಾಯಿತು, ಏದುಸಿರು ನಿಂತಿತು. ಹೊಡೆತವಿಲ್ಲದೆ, ಗದರಿಕೆಯಿಲ್ಲದೆ, ಅಹಿತವಾದುದನ್ನು ಹಿತವಾದುದರೊಡನೆ ಕೂಡಿಸಿ ಸ್ವಭಾವವನ್ನೇ ತಿರುಗಿಸಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಅಷ್ಟರಲ್ಲಿ 1917ರ ಕ್ರಾಂತಿ ಬಂದಿತು. ನಗರದಲ್ಲಿ ಅನ್ನಕ್ಕೂ ಕಟ್ಟಿಗೆಗೂ ಹಾಹಾಕಾರ. ನೊಬೆಲ್ ಬಹುಮಾನದ ಹಣ ನಷ್ಟವಾಯಿತು. ವೃದ್ಧ ವಿಜ್ಞಾನಿ ತಾನೇ ನೆಲ ಅಗೆದು ಆಲೂಗೆಡ್ಡೆ ಬೆಳೆದರು. ಪ್ರಯೋಗಶಾಲೆಯ ನಾಯಿಗಳು ಹಸಿವಿನಿಂದ ಸತ್ತವು. ಕೊನೆಗೆ 1921ರ ಜನವರಿಯಲ್ಲಿ ಲೆನಿನ್ ವಿಶೇಷ ಆಜ್ಞೆ ಹೊರಡಿಸಿ ಪಾವ್ಲೋವರ ಕೆಲಸಕ್ಕೆ ಅನುಕೂಲ ಕಲ್ಪಿಸಿದರು. ಹಾಗೆಂದು ಪಾವ್ಲೋವರೇನೂ ಬಾಯಿ ಮುಚ್ಚಿಕೊಂಡವರಲ್ಲ. ಹೊಸ ಸರಕಾರದ ದಬ್ಬಾಳಿಕೆಯನ್ನು ಬಹಿರಂಗವಾಗಿ ಖಂಡಿಸಿದರು; ಬಂಧನಗಳನ್ನು ಪ್ರತಿಭಟಿಸಿ ಅಧಿಕಾರಿಗಳಿಗೆ ಪತ್ರ ಬರೆದರು. ಹೆದರಿಕೆಯನ್ನು ಅಧ್ಯಯನ ಮಾಡಿದವರಿಗೆ, ಇಡೀ ಸಮಾಜವನ್ನು ಹೆದರಿಕೆಯಲ್ಲಿಟ್ಟರೆ ಏನಾಗುವುದೆಂಬುದು ಇತರರಿಗಿಂತ ಚೆನ್ನಾಗಿ ಗೊತ್ತಿದ್ದಿರಬೇಕು.

1924ನೆಯ ವರ್ಷವು ಈ ಚರಿತ್ರೆಯಲ್ಲಿ ಮರೆಯಲಾಗದ್ದು. ಆ ವರ್ಷ ಸೆಪ್ಟೆಂಬರ್ 23ರಂದು, ಆಗ ಲೆನಿನ್‌ಗ್ರಾಡ್ ಎಂದು ಹೆಸರಾಗಿದ್ದ ಆ ನಗರಕ್ಕೆ ಮಹಾಪ್ರವಾಹ ಬಂದಿತು. ನೇವಾ ನದಿಯ ನೀರು ಸಾಮಾನ್ಯ ಮಟ್ಟಕ್ಕಿಂತ 3 ಮೀಟರ್ 80 ಸೆಂಟಿಮೀಟರ್ ಏರಿತು. ನಾಯಿಗಳ ಗೂಡುಗಳು ಪ್ರಯೋಗಶಾಲೆಯಿಂದ ಕಾಲು ಮೈಲಿ ದೂರ. ಬಿರುಗಾಳಿ, ಅಲೆ, ಮುರಿದು ಬೀಳುವ ಮರಗಳ ಸದ್ದು. ಇವುಗಳ ನಡುವೆ ನಾಯಿಗಳನ್ನು ಸಣ್ಣ ಸಣ್ಣ ಗುಂಪುಗಳಾಗಿ ಈಜಿಸಿಕೊಂಡು ಕಟ್ಟಡಕ್ಕೆ ತಂದು ಸೇರಿಸಿದರು. ಜೀವ ಉಳಿಯಿತು. ಆದರೆ ಕೆಲವು ದಿನಗಳಾದ ಮೇಲೆ ಪ್ರಯೋಗಕ್ಕೆ ನಿಲ್ಲಿಸಿದಾಗ ಒಂದು ನಾಯಿ ತಾನು ಕಲಿತದ್ದೆಲ್ಲವನ್ನೂ ಮರೆತಂತಿತ್ತು. ಸೂಚನೆ ಕೊಟ್ಟರೆ ಜೊಲ್ಲಿಲ್ಲ. ಆಹಾರವನ್ನಿಟ್ಟರೆ ಮುಖ ತಿರುಗಿಸಿತು. ಮುಂಚೆ ಅತ್ಯಂತ ಬಲವಾದ ಸೂಚನೆಯಾಗಿದ್ದ ವಿದ್ಯುತ್ ಗಂಟೆಯೇ ಈಗ ಅದಕ್ಕೆ ಸಹಿಸಲಾಗದ ಸದ್ದಾಗಿತ್ತು.

ಸ್ಪೆರಾನ್‌ಸ್ಕಿ ಎಂಬ ಸಹಾಯಕರು ಆಗ ಒಂದು ಉಪಾಯ ಹೂಡಿದರು. ಪಾವ್ಲೋವರ ಪ್ರಯೋಗಗಳಲ್ಲಿ ಮನುಷ್ಯರು ಗೋಡೆಯ ಆಚೆ ಇರಬೇಕೆಂಬುದು ಕಟ್ಟುನಿಟ್ಟಾದ ನಿಯಮ. ಅದಕ್ಕಾಗಿಯೇ ಅಲ್ಲವೆ ಆ ಗೋಪುರವನ್ನು ಕಟ್ಟಿದ್ದು? ಆ ನಿಯಮವನ್ನು ಸಡಿಲಿಸಿ, ಪರಿಚಿತನಾದ ಪ್ರಯೋಗಕಾರನೇ ಒಳಗೆ ಹೋಗಿ ನಾಯಿಯ ಪಕ್ಕದಲ್ಲಿ ಸುಮ್ಮನೆ ಕುಳಿತನು. ಅಷ್ಟಕ್ಕೇ ನಾಯಿ ತಿನ್ನತೊಡಗಿತು. ಮರೆತ ಪಾಠಗಳು ಮರಳಿದವು. ಆತನು ಹೊರಗೆ ಹೋದರೆ ಮತ್ತೆ ಮಾಯ. ಆದುದರಿಂದ ಮೊದಲು ಕೊಂಚ ಹೊತ್ತು, ಅನಂತರ ಇನ್ನೂ ಕೊಂಚ ಹೊತ್ತು, ಹೀಗೆ ಅಗಲುವ ಅವಧಿಯನ್ನು ಬೆಳೆಸುತ್ತ ಹೋದರು. ವಾರಗಳ ತರುವಾಯ ನಾಯಿ ಒಂಟಿಯಾಗಿಯೂ ಸ್ವಸ್ಥವಾಗಿ ನಿಂತಿತು. ಆಗ ಪರೀಕ್ಷೆಗಾಗಿ ಬಾಗಿಲಿನ ಅಡಿಯಿಂದ ಸದ್ದಿಲ್ಲದೆ ಸ್ವಲ್ಪ ನೀರನ್ನು ಒಳಕ್ಕೆ ಹರಿಯಬಿಟ್ಟರು. ನೆಲದ ಮೇಲೆ ತೆಳ್ಳಗೆ ನೀರು ಹರಡಿದ್ದನ್ನು ಕಂಡೊಡನೆ ನಾಯಿ ಎದ್ದು ನಿಂತಿತು, ಕಾತರದಿಂದ ನೆಲವನ್ನೇ ನೋಡಿತು, ಏದುಸಿರು ಬಿಟ್ಟಿತು, ಮೇಜಿನಿಂದ ಇಳಿದು ಓಡಲೆತ್ನಿಸಿತು. ಗಳಿಸಿದ್ದೆಲ್ಲ ಮತ್ತೆ ಕಳೆಯಿತು.

ಈ ಘಟನೆಯನ್ನೋದುವಾಗ ನನಗೆ ಎರಡು ಸಂಗತಿಗಳು ಮನಸ್ಸಿಗೆ ನಾಟಿದವು. ಹೆದರಿದ ಜೀವಕ್ಕೆ ಮೊದಲ ಔಷಧವು ನಂಬಿಕೆಯುಳ್ಳ ಒಬ್ಬರು ಬಳಿಯಲ್ಲಿ ಕುಳಿತಿರುವುದು; ಇದು ಒಂದು. ವಾಸಿಯಾದ ಹೆದರಿಕೆಯೂ ಒಳಗೆಲ್ಲೋ ಬೂದಿ ಮುಚ್ಚಿದ ಕೆಂಡದಂತಿರುತ್ತದೆ, ಆದುದರಿಂದ ಮರಳಿ ಬಂದಾಗ ಸಿಟ್ಟಾಗಬಾರದು, ಇದು ಇನ್ನೊಂದು.

ಅದೇ 1924ರಲ್ಲಿ ಅಮೆರಿಕದ ನ್ಯೂಯಾರ್ಕಿನ ಮೇರಿ ಕವರ್ ಜೋನ್ಸ್ ಎಂಬ ಮನಶ್ಶಾಸ್ತ್ರಜ್ಞೆ ತಮ್ಮ ಪ್ರಸಿದ್ಧ ವರದಿಯನ್ನು ಪ್ರಕಟಿಸಿದರು. ಪೀಟರ್ ಎಂದು ಕರೆಯಲ್ಪಟ್ಟ ಸುಮಾರು ಮೂರು ವರ್ಷದ ಮಗುವಿಗೆ ಮೊಲ ಕಂಡರೆ ವಿಪರೀತ ಭಯ. ಮಗು ತನಗಿಷ್ಟವಾದುದನ್ನು ತಿನ್ನುತ್ತಿರುವಾಗ ಮೊಲವನ್ನು ಬಲು ದೂರದಲ್ಲಿಟ್ಟು, ದಿನದಿನಕ್ಕೆ ಹತ್ತಿರ ತಂದು, ಕೊನೆಗೆ ಮಗುವೇ ಮೊಲವನ್ನು ಮುಟ್ಟಿ ಆಡುವಂತೆ ಮಾಡಿದರು. ನಡುವೆ ಜ್ವರ ಬಂದು ಆಸ್ಪತ್ರೆ ಸೇರಿ, ಅಲ್ಲಿಂದ ಹೊರಡುವಾಗ ದೊಡ್ಡ ನಾಯಿಯೊಂದರಿಂದ ಬೆದರಿ, ಪೀಟರನ ಹಳೆಯ ಭಯ ಮರಳಿತ್ತು. ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. ಮಗುವಿಗೂ ನಾಯಿಗೂ ನಿಯಮ ಒಂದೇ! ನಮ್ಮ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾದುದೂ 1924ರಲ್ಲಿಯೇ ಎಂಬುದನ್ನು ಇಲ್ಲಿ ಅಭಿಮಾನದಿಂದ ನೆನೆಯಬಹುದು.

ಎಲ್ಲ ನಾಯಿಗಳೂ ಒಂದೇ ಪೆಟ್ಟಿಗೆ ಒಂದೇ ಬಗೆಯಲ್ಲಿ ಮುರಿಯುವುದಿಲ್ಲವೆಂಬುದನ್ನು ಪಾವ್ಲೋವರು ಗಮನಿಸಿದರು. ಕೆಲವು ಉದ್ರೇಕಗೊಂಡು ಕಡಿಯಬರುತ್ತವೆ. ಕೆಲವು ಮೂಲೆ ಸೇರಿ ಮುದುರುತ್ತವೆ. ಕೆಲವು ಬೇಗ ಸಾವರಿಸಿಕೊಳ್ಳುತ್ತವೆ. ಇದರ ಮೇಲೆ ನರಮಂಡಲದ ನಾಲ್ಕು ಬಗೆಗಳನ್ನು ಅವರು ಗುರುತಿಸಿದರು. ಮರಿಯಾ ಪೆಟ್ರೋವಾ ಎಂಬ ಸಹೋದ್ಯೋಗಿಯೊಡನೆ ಚಿಕಿತ್ಸೆಗಳನ್ನೂ ಪರೀಕ್ಷಿಸಿದರು: ದೀರ್ಘ ವಿಶ್ರಾಂತಿ, ಸುಲಭವಾದ ಪಾಠಗಳಿಗೆ ಹಿಂತಿರುಗುವುದು, ಬ್ರೋಮೈಡ್ ಔಷಧ. ಔಷಧದ ಪ್ರಮಾಣವು ಆಯಾ ನಾಯಿಯ ಬಗೆಗೆ ತಕ್ಕಂತಿರಬೇಕು. ದುರ್ಬಲವಾದುದಕ್ಕೆ ಹೆಚ್ಚು ಕೊಟ್ಟರೆ ಉಪಕಾರಕ್ಕೆ ಬದಲು ಅಪಕಾರವೆಂಬುದೂ ಗೊತ್ತಾಯಿತು.

ಅಂಜುಬುರುಕ ನಾಯಿಗಳು ಹುಟ್ಟಿನಿಂದಲೇ ದುರ್ಬಲವೆಂದು ಪಾವ್ಲೋವರೂ ಬಹುಕಾಲ ನಂಬಿದ್ದರು. ನಮ್ಮ ಗಾದೆಯೂ ಅವರ ಸಿದ್ಧಾಂತವೂ ಆಗ ಒಂದೇ ದಾರಿಯಲ್ಲಿದ್ದುವೆನ್ನಬಹುದು. ಆದರೆ ಅವರ ಸಹಾಯಕರಾದ ವಿರ್ಜಿಕೋವ್‌ಸ್ಕಿ ಮತ್ತು ಮಯೋರೋವ್ ನಾಯಿಮರಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ಪಂಜರದೊಳಗೂ ಇನ್ನೊಂದನ್ನು ಹೊರಗೆ ಸ್ವತಂತ್ರವಾಗಿಯೂ ಬೆಳೆಸಿದರು. ಜನರನ್ನೂ ಸದ್ದುಗಳನ್ನೂ ಕಾಣದೆ ಪಂಜರದಲ್ಲಿ ಬೆಳೆದವು ದೊಡ್ಡವಾದ ಮೇಲೆ ಪ್ರತಿಯೊಂದಕ್ಕೂ ನಡುಗಿದವು. ಹೊರಗೆ ಬೆಳೆದವು ಹಾಗಾಗಲಿಲ್ಲ. 1933ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಎಂಬತ್ತು ದಾಟಿದ ಪಾವ್ಲೋವರು ಒಪ್ಪಿಕೊಂಡು ತಮ್ಮ ಅಭಿಪ್ರಾಯವನ್ನು ತಿದ್ದಿಕೊಂಡರು. ಕಾಣುವ ಸ್ವಭಾವವೆಂಬುದು ಹುಟ್ಟು ಮತ್ತು ಬೆಳವಣಿಗೆಗಳ ಬೆರಕೆ. ಅಂಜಿಕೆ ಕಂಡಲ್ಲೆಲ್ಲ ಹುಟ್ಟನ್ನು ದೂರುವುದು ಸಲ್ಲದು. ಕೀರ್ತಿಯ ಶಿಖರದಲ್ಲಿ ಕುಳಿತವರು ಆ ವಯಸ್ಸಿನಲ್ಲಿ ತಮ್ಮ ಮಾತನ್ನು ತಾವೇ ಹಿಂತೆಗೆದುಕೊಳ್ಳುವುದು ಸಾಮಾನ್ಯವೆ? ನೊಬೆಲ್ ಬಹುಮಾನಕ್ಕಿಂತ ಇದೇ ದೊಡ್ಡದೆಂದು ನನ್ನ ಅಲ್ಪಮತಿಗೆ ತೋರುತ್ತದೆ.

ಈ ಸಂಗತಿಗಳು ನನಗೆ ಬರಿಯ ಪಾಠವಾಗಿ ಉಳಿಯದಿರುವುದಕ್ಕೆ ಕಾರಣವುಂಟು. ನಮ್ಮ ಮನೆ ಹಿರಿಯೂರಿನ ಬಳಿ, ಹೆದ್ದಾರಿಗೆ ಕೂಗಳತೆಯಲ್ಲಿದೆ. ಲಾರಿಗೆ ಸಿಕ್ಕಿ ಕಾಲು ಮುರಿದುಕೊಂಡು ಬಂದ ಕೆಂಚ ಎಂಬ ನಾಯಿ ನಮ್ಮಲ್ಲಿ ಸೇರಿಕೊಂಡಿತು. ಕಾಲು ಕೂಡಿತು, ಹೆದರಿಕೆ ಇಳಿಯಲಿಲ್ಲ. ಲಾರಿಯ ಹಾರನ್ ಕೇಳಿದರೆ ಹಗ್ಗ ಹರಿಯುವಂತೆ ಎಳೆದಾಡಿ, ಹತ್ತಿರ ಇದ್ದವರ ಮೇಲೆಯೇ ಹಲ್ಲು ಕಿರಿಯುತ್ತಿತ್ತು. ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ಮಾರಿಕಣಿವೆಯ ಆಚೆ ಬಿಟ್ಟು ಬರುವುದೇ ಮೇಲೆಂದು ದೊಡ್ಡಪ್ಪನವರು ಹೇಳಿದರು. ಅವರ ಮಾತಿನಲ್ಲಿ ನ್ಯಾಯವಿತ್ತು. ನಾನು ಎರಡು ತಿಂಗಳ ಗಡುವು ಬೇಡಿಕೊಂಡೆ. ಹೆದ್ದಾರಿಯಿಂದ ಬಹುದೂರ, ಲಾರಿಯ ಸದ್ದು ಕಿವಿಗೆ ಬಿದ್ದರೂ ಕೆಂಚ ತಿನ್ನುವುದನ್ನು ಬಿಡದಷ್ಟು ದೂರದ ಹೊಲದ ಬದುವಿನಲ್ಲಿ ಸಂಜೆ ಸಂಜೆ ಅದರೊಡನೆ ಕುಳಿತೆ. ಲಾರಿ ಸದ್ದಾದ ತಕ್ಷಣ ಬೇಯಿಸಿದ ಮೊಟ್ಟೆಯ ಒಂದು ಚೂರು. ಸದ್ದಿಲ್ಲದಿದ್ದರೆ ಚೂರೂ ಇಲ್ಲ. ಅದು ಕಿವಿ ನಿಮಿರಿಸಿ ನನ್ನ ಕೈಯನ್ನು ನೋಡುವಂತಾದ ಮೇಲೆ ಕೆಲವು ಮಾರು ಮುಂದಕ್ಕೆ. ತಿನ್ನುವುದನ್ನು ನಿಲ್ಲಿಸಿದರೆ ಮತ್ತೆ ಹಿಂದಕ್ಕೆ. ಗಡುವು ಮುಗಿಯುವ ವೇಳೆಗೆ ಕೆಂಚ ನಮ್ಮ ಅಂಗಳದಲ್ಲಿ ಹಾರನ್ನಿಗೆ ತಲೆಯೆತ್ತಿ ನೋಡಿ ಮತ್ತೆ ಮಲಗುವಂತಾಗಿತ್ತು. ದೀಪಾವಳಿಯ ಪಟಾಕಿಗೆ ಇಂದಿಗೂ ಅದು ಕಣಜದ ಹಿಂದೆ ಅಡಗುತ್ತದೆ. ಲೆನಿನ್‌ಗ್ರಾಡಿನ ನೀರನ್ನು ಓದಿದ್ದುದರಿಂದ ನನಗೆ ಅದು ಆಶ್ಚರ್ಯವೆನಿಸಲಿಲ್ಲ. ಆ ರಾತ್ರಿ ಅದರ ಪಕ್ಕದಲ್ಲಿ ಕುಳಿತಿರುತ್ತೇನೆ. ಮಾರಿಕಣಿವೆಯ ಮಾತನ್ನು ದೊಡ್ಡಪ್ಪನವರು ಮತ್ತೆ ಎತ್ತಿಲ್ಲ.

ಇಂದು ಜಗತ್ತಿನೆಲ್ಲೆಡೆ ಹೆದರಿದ ನಾಯಿಗಳನ್ನು ಪಳಗಿಸುವವರು ಅನುಸರಿಸುವ ಮಾರ್ಗವೂ ಇದೇ. ಭಯದ ವಸ್ತುವನ್ನು ನಾಯಿ ತಾಳಿಕೊಳ್ಳುವಷ್ಟು ದೂರದಲ್ಲಿಟ್ಟು ಮೆಲ್ಲನೆ ಒಗ್ಗಿಸುವುದು. ಆ ವಸ್ತು ಕಂಡಾಗಲೆಲ್ಲ ಹಿತವಾದುದೊಂದನ್ನು ಕೊಡುವುದು. ಜೋಸೆಫ್ ವೋಲ್ಪೆ ಎಂಬ ವೈದ್ಯರು ಮೊದಲು ಬೆಕ್ಕುಗಳಲ್ಲಿ ಪರೀಕ್ಷಿಸಿ, 1958ರಲ್ಲಿ ಗ್ರಂಥರೂಪದಲ್ಲಿ ವಿವರಿಸಿದ ಮನುಷ್ಯರ ಭಯಚಿಕಿತ್ಸೆಯೂ ಇದೇ ಬೇರಿನಿಂದ ಚಿಗುರಿದ್ದು. ಹೊಡೆದರೆ ನಾಯಿ ಸುಮ್ಮನಾಗಬಹುದು; ಆದರೆ ಲಾರಿಯ ಜೊತೆಗೆ ಕೋಲೂ ಬರುತ್ತದೆಂದು ಕಲಿತು, ಒಳಗಿನ ಹೆದರಿಕೆ ಇಮ್ಮಡಿಯಾಗುತ್ತದೆ. ಹಾಗೆಂದು ಅಪರಿಚಿತವಾದ ಬೀದಿನಾಯಿಯ ಬಳಿ ಹೋಗಿ ಸಾಹಸ ಮಾಡಿರೆಂದು ನಾನು ಹೇಳುತ್ತಿಲ್ಲ. ರೇಬೀಸ್ ಬೇರೆಯೇ ಮಾತು. ಅದಕ್ಕೆ ತಾಳ್ಮೆಯ ಚಿಕಿತ್ಸೆಯಿಲ್ಲ. ಕಚ್ಚಿದರೆ ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಲೇಬೇಕು.

ಇಲ್ಲೊಂದು ಕಷ್ಟವಾದ ಪ್ರಶ್ನೆ ಏಳುತ್ತದೆ. ನಾಯಿಗಳನ್ನು ಮುರಿದವರೂ ಇವರೇ ಅಲ್ಲವೆ? ವಿದ್ಯುತ್ತಿನ ಆಘಾತ, ಪಟ್ಟಿಯ ಬಂಧನ, ಬಿಡಿಸಲಾಗದ ಒಗಟು, ಬಾಗಿಲ ಕೆಳಗಿನ ನೀರು, ಇವೆಲ್ಲ ಪ್ರಯೋಗಶಾಲೆಯ ಒಳಗೇ ನಡೆದವು. ಪಂಜರದ ಮರಿಗಳಿಗೆ ಎಳವೆ ಮರಳಿ ಬರಲಿಲ್ಲ. ಪಾವ್ಲೋವರ ಹಿರಿಮೆಯನ್ನು ಹೇಳುವವರು ಇದನ್ನು ಮರೆಮಾಚಬಾರದೆಂದೇ ನನ್ನ ಅಭಿಮತ. ಈ ಋಣದ ಅರಿವು ಪಾವ್ಲೋವರಿಗೂ ಇತ್ತು. 1935ರ ಆಗಸ್ಟ್ ತಿಂಗಳಲ್ಲಿ ಜಗತ್ತಿನ ಶರೀರಕ್ರಿಯಾಶಾಸ್ತ್ರಜ್ಞರೆಲ್ಲ ಲೆನಿನ್‌ಗ್ರಾಡಿನಲ್ಲಿ ಮಹಾಸಮ್ಮೇಳನಕ್ಕೆ ಕೂಡಿದ ಸಂದರ್ಭದಲ್ಲಿ, ಅವರ ಇಚ್ಛೆಯಂತೆ ಸಂಸ್ಥೆಯ ಉದ್ಯಾನದಲ್ಲಿ ನಾಯಿಯ ಸ್ಮಾರಕವೊಂದು ನಿಂತಿತು. ಪ್ರಾಚೀನಕಾಲದಿಂದ ಮಾನವನ ಸಹಾಯಕನಾದ ನಾಯಿಯನ್ನು ವಿಜ್ಞಾನಕ್ಕೆ ಬಲಿಗೊಡುವಾಗಲೂ ಅನಗತ್ಯವಾದ ಯಾತನೆ ಕೊಡಬಾರದೆಂಬ ಭಾವದ ಮಾತುಗಳನ್ನು ಅದರ ಮೇಲೆ ಕೆತ್ತಿಸಿದರು. ಮರುವರ್ಷ, 1936ರ ಫೆಬ್ರವರಿ 27ರಂದು, ಎಂಬತ್ತಾರನೆಯ ವಯಸ್ಸಿನಲ್ಲಿ ಅವರು ಶ್ವಾಸಕೋಶದ ಬೇನೆಯಿಂದ ತೀರಿಕೊಂಡರು.

ನಾಯಿಗೆ ಸ್ಮಾರಕವೆಂದರೆ ನಮಗೆ ಅಪೂರ್ವವಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ. ಶ. 949-50ರ ಸುಮಾರಿಗೆ ಮಣಲೇರನೆಂಬ ವೀರನು ತಾನು ಬೇಡಿ ಪಡೆದಿದ್ದ 'ಕಾಳಿ'ಯೆಂಬ ನಾಯಿ ಕಾಡುಹಂದಿಯೊಡನೆ ಕಾದು ಅದನ್ನು ಕೊಂದು ತಾನೂ ಮಡಿದಾಗ, ಅದಕ್ಕೆ ಶಾಸನಸಹಿತವಾದ ಕಲ್ಲನ್ನು ನಿಲ್ಲಿಸಿದನು. ಆ ಕಲ್ಲು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಲೆನಿನ್‌ಗ್ರಾಡಿನ ಸ್ಮಾರಕಕ್ಕೂ ಅದಕ್ಕೂ ನಡುವೆ ಹತ್ತಿರ ಹತ್ತಿರ ಸಾವಿರ ವರ್ಷ. ನಮ್ಮ ಹಿರಿಯರು ಧೀರನಾಯಿಗೆ ಕಲ್ಲು ನಿಲ್ಲಿಸಿದರು. ಹೆದರಿದ ನಾಯಿಗೆ ಕಲ್ಲು ಬೇಡ. ನಿಲ್ಲಿಸುವುದೂ ಬೇಡ, ಎಸೆಯುವುದೂ ಬೇಡ. ಅದಕ್ಕೆ ಬೇಕಾದುದು ಸ್ವಲ್ಪ ದೂರ, ಸ್ವಲ್ಪ ಅನ್ನ, ಬಹಳ ತಾಳ್ಮೆ. ಬಾಲದ ಡೊಂಕು ಬಾಲದಲ್ಲಿಯೇ ಇರಲಿ. ಅದರಿಂದ ಯಾರಿಗೂ ಕೇಡಿಲ್ಲ. ಮನಸ್ಸಿಗೆ ಬಿದ್ದ ಡೊಂಕನ್ನು ಮಾತ್ರ, ಬಹುಮಟ್ಟಿಗೆ, ನೇರಮಾಡಬಹುದು.